ಮಸ್ಟ್ಯಾಂಗ್ ತಿರುವಿನಲ್ಲಿ ತಾನಾಗಿಯೇ ಸ್ಪಿನ್ ಆಗ್ತಿದೆ, ಫ್ಯೂಯೆಲ್ ಎಷ್ಟು ಹಾಕಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಡಿಸಿಎಸ್ ಅನ್ನೋ ವಿಮಾನ ಹಾರಿಸುವ ಕಂಪ್ಯೂಟರ್ ಗೇಮ್‌ನಲ್ಲಿ ಪಿ-51ಡಿ ಮಸ್ಟ್ಯಾಂಗ್ (ಎರಡನೇ ಮಹಾಯುದ್ಧದ ಅಮೆರಿಕನ್ ಫೈಟರ್) ಹಾರಿಸಲು ಶುರು ಮಾಡಿ ಎರಡು ತಿಂಗಳಾಯ್ತು. ಒಬ್ಬನೇ ಅಭ್ಯಾಸ ಮಾಡುವಾಗ ವಿಮಾನ ಹೇಳಿದ ಮಾತು ಕೇಳುತ್ತದೆ. ಆನ್‌ಲೈನ್ ಸರ್ವರ್‌ಗೆ ಹೋದರೆ ಮಾತ್ರ ಕಥೆ ಬೇರೆ. ಜರ್ಮನ್ ಫೈಟರ್ 109ರ ಹಿಂದೆ ಬಿದ್ದು ಸ್ವಲ್ಪ ಬಿಗಿಯಾಗಿ ತಿರುಗಿಸಿದರೆ ಸಾಕು, ಮೂಗು ತಾನಾಗಿಯೇ ಒಳಕ್ಕೆ ಎಳೆದುಕೊಳ್ಳುತ್ತದೆ, ಒಂದು ರೆಕ್ಕೆ ಧಡಕ್ಕನೆ ಬೀಳುತ್ತದೆ, ಆಮೇಲೆ ಸ್ಪಿನ್, ಅಂದರೆ ಗಿರಗಿರ ತಿರುಗುತ್ತಾ ಕೆಳಗೆ ಬೀಳುವುದು. ನಿನ್ನೆ ರಾತ್ರಿ ಮೂರು ಸಲ ಹೀಗೇ ಆಯ್ತು.

ಜಾಯ್‌ಸ್ಟಿಕ್ ಕರ್ವ್ ಬದಲಿಸಿ ನೋಡಿದೆ, ಡೆಡ್‌ಝೋನ್ ಬದಲಿಸಿದೆ, ಕೊನೆಗೆ ಸ್ಟಿಕ್ಕನ್ನೇ ಬಿಚ್ಚಿ ಒರೆಸಿ ಜೋಡಿಸಿದೆ. ಏನೂ ಪ್ರಯೋಜನ ಆಗಲಿಲ್ಲ. ಸರ್ವರ್ ಕೊಟ್ಟ ಹಾಗೆ ಫ್ಯೂಯೆಲ್ 100% ಇರುತ್ತದೆ, ಜೊತೆಗೆ 75 ಗ್ಯಾಲನ್‌ನ ಎರಡು ಡ್ರಾಪ್ ಟ್ಯಾಂಕ್ (ರೆಕ್ಕೆ ಕೆಳಗೆ ನೇತುಹಾಕುವ, ಬೇಡವಾದಾಗ ಬೀಳಿಸುವ ಟ್ಯಾಂಕ್) ನಾನೇ ಹಾಕಿಕೊಳ್ಳುತ್ತೇನೆ. ಶತ್ರು ಕಂಡ ತಕ್ಷಣ ಅವನ್ನು ಬೀಳಿಸುತ್ತೇನೆ, ಆದ್ದರಿಂದ ಭಾರದ ಸಮಸ್ಯೆ ಇರಲಾರದು ಅಂದುಕೊಂಡಿದ್ದೇನೆ.

ಇನ್ನೊಂದು ವಿಷಯ. ಮೊನ್ನೆ ಟ್ಯಾಂಕ್ ಬೀಳಿಸಿದ ಸ್ವಲ್ಪ ಹೊತ್ತಿಗೆ ಇಂಜಿನ್ ಕೆಮ್ಮಿ ನಿಂತೇಹೋಯ್ತು. ಒಳಗೆ ಫ್ಯೂಯೆಲ್ ತುಂಬಿತ್ತು. ಇದು ಗೇಮ್‌ನ ಬಗ್ (ದೋಷ) ಇರಬಹುದಾ?

ಉತ್ತರ

ಸ್ಟಿಕ್ ಬಿಚ್ಚಬೇಡಿ, ಅದು ಸರಿಯಾಗಿಯೇ ಇದೆ. ನಿಮ್ಮ ಸೀಟಿನ ಹಿಂದೆ 231 ಕಿಲೋ ಫ್ಯೂಯೆಲ್ ಕೂತಿದೆ, ತೊಂದರೆ ಕೊಡ್ತಿರೋದು ಅದು.

ಮಸ್ಟ್ಯಾಂಗ್ ಒಳಗೆ ಮೂರು ಟ್ಯಾಂಕ್. ರೆಕ್ಕೆಗಳಲ್ಲಿ ತಲಾ 92 ಅಮೆರಿಕನ್ ಗ್ಯಾಲನ್, ಪೈಲಟ್ ಬೆನ್ನ ಹಿಂದೆ 85. ಒಟ್ಟು 269 ಗ್ಯಾಲನ್, ಅಂದರೆ ಸುಮಾರು 1,018 ಲೀಟರ್, ತೂಕ 732 ಕಿಲೋ. ರೆಕ್ಕೆ ಟ್ಯಾಂಕ್‌ಗಳು ವಿಮಾನದ ಭಾರಕೇಂದ್ರದ ಹತ್ತಿರವೇ ಇವೆ, ಅವು ತುಂಬಿದ್ದರೂ ವಿಮಾನ ಭಾರ ಆಗುತ್ತದೆ ಅಷ್ಟೆ. ಹಿಂದಿನದು ಹಾಗಲ್ಲ. ಸೈಕಲ್ ಕ್ಯಾರಿಯರ್ ಮೇಲೆ ಅಕ್ಕಿ ಮೂಟೆ ಹೇರಿಕೊಂಡು ದಿಣ್ಣೆ ಹತ್ತುವಾಗ ಮುಂದಿನ ಚಕ್ರ ಎದ್ದೇಳುತ್ತದಲ್ವಾ, ಅದೇ ಥರ. ಭಾರಕೇಂದ್ರ ಹಿಂದಕ್ಕೆ ಸರಿಯುತ್ತದೆ, ಸ್ಟಿಕ್ ಹಗುರ ಆಗುತ್ತದೆ, ಬಿಗಿ ತಿರುವಿನಲ್ಲಿ ಎಳೆಯುವ ಬದಲು ಸ್ಟಿಕ್ಕನ್ನು ಮುಂದಕ್ಕೆ ತಳ್ಳಿ ಹಿಡಿಯಬೇಕಾಗುತ್ತದೆ. ನಿಜವಾದ ಮಸ್ಟ್ಯಾಂಗ್ ಪೈಲಟ್‌ಗಳಿಗೂ ಇದೇ ಕಾಟ ಇತ್ತು. ಬಾಂಬರ್‌ಗಳ ಕಾವಲಿಗೆ ಇಂಗ್ಲೆಂಡಿನಿಂದ ಜರ್ಮನಿಯ ಒಳಗಿನವರೆಗೂ ಹೋಗಿಬರಬೇಕು ಅಂತ ಪಿ-51ಬಿ ಕಾಲದಲ್ಲೇ ಈ ಟ್ಯಾಂಕ್ ಸೇರಿಸಿದರು, ಆ ಬಲದಿಂದ 1944ರ ಮಾರ್ಚ್‌ನಲ್ಲಿ ಬರ್ಲಿನ್‌ವರೆಗೆ ಹೋದರು. ಅದು ತುಂಬಿರುವಾಗ ಜಗಳ ಆಡಬೇಡಿ ಅಂತ ಅವರಿಗೂ ಕಟ್ಟುನಿಟ್ಟಾಗಿ ಹೇಳಿದ್ದರು.

ಈಗ ನಿಮ್ಮ ಲೆಕ್ಕ ನೋಡಿ. ಹದಿನೈದು ನಿಮಿಷ ಹಾರಿ ಜಗಳದ ಜಾಗಕ್ಕೆ ಬರ್ತೀರಿ. ಆರಾಮಾಗಿ ಹೋಗುವಾಗ ಇಂಜಿನ್ ಗಂಟೆಗೆ ಸುಮಾರು 60 ಗ್ಯಾಲನ್ ಕುಡಿಯುತ್ತದೆ, ಹದಿನೈದು ನಿಮಿಷಕ್ಕೆ ಬರೀ 15. ಅದೂ ಡ್ರಾಪ್ ಟ್ಯಾಂಕ್‌ನಿಂದ. ಟ್ಯಾಂಕ್ ಬೀಳಿಸಿದಾಗ ಹಿಂದಿನ ಟ್ಯಾಂಕ್‌ನಲ್ಲಿ ಒಂದು ತೊಟ್ಟೂ ಕಮ್ಮಿ ಆಗಿರುವುದಿಲ್ಲ. ಅಂದರೆ ವಿಮಾನ ಅತಿ ಕೆಟ್ಟ ಸ್ಥಿತಿಯಲ್ಲಿ ಇರುವಾಗಲೇ ನೀವು ತಿರುವಿಗೆ ಇಳಿಯುತ್ತಿದ್ದೀರಿ.

ನೆನಪಿಡಬೇಕಾದ ಸಂಖ್ಯೆ 68%. ರೆಕ್ಕೆಗಳು ತುಂಬಿ ಹಿಂದಿನದು ಖಾಲಿ ಇದ್ದರೆ 269ರಲ್ಲಿ 184, ಅಂದರೆ 68%. ಅದಕ್ಕಿಂತ ಮೇಲೆ ಹಾಕಿದ್ದೆಲ್ಲ ಬೆನ್ನ ಹಿಂದೆ ಹೋಗುತ್ತದೆ. ಹತ್ತಿರದ ಜಗಳಕ್ಕೆ ನಾನು 40% ಹಾಕುತ್ತೇನೆ, ಸುಮಾರು 107 ಗ್ಯಾಲನ್. ಟೇಕಾಫ್‌ಗೆ 15, ಹೋಗಿಬರಲು 30, ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ 150ಕ್ಕೂ ಜಾಸ್ತಿ ಕುಡಿಯುವುದರಿಂದ ಹತ್ತು ನಿಮಿಷದ ಜಗಳಕ್ಕೆ 25ರಿಂದ 30. ಆದರೂ 30 ಉಳಿಯುತ್ತದೆ. 100%ಗೆ ಹೋಲಿಸಿದರೆ 439 ಕಿಲೋ ಹಗುರ. ಏರುವಾಗ ಕಣ್ಣಿಗೇ ಕಾಣುತ್ತದೆ. ಸರ್ವರ್‌ನಲ್ಲಿ ವಿಮಾನ ಆರಿಸಿಕೊಂಡು ಒಳಗೆ ಕೂತ ಕೂಡಲೇ, ಇಂಜಿನ್ ಹಾಕುವ ಮುಂಚೆ, ಗ್ರೌಂಡ್ ಕ್ರೂ ಕರೆದು ಫ್ಯೂಯೆಲ್ ಸ್ಲೈಡರ್ ಕೆಳಗೆ ಎಳೆಯಿರಿ. ಡ್ರಾಪ್ ಟ್ಯಾಂಕ್ ತೆಗೆಸಿಬಿಡಿ.

ಇಂಜಿನ್ ನಿಂತದ್ದು ಬಗ್ ಅಲ್ಲ. ಯಾವ ಟ್ಯಾಂಕ್‌ನಿಂದ ಫ್ಯೂಯೆಲ್ ಬರಬೇಕು ಅಂತ ಆರಿಸುವ ನಿಮ್ಮ ಸೆಲೆಕ್ಟರ್ ನಾಬ್ ಬೀಳಿಸಿದ ಟ್ಯಾಂಕ್ ಮೇಲೇ ಇತ್ತು. ಮಸ್ಟ್ಯಾಂಗ್‌ನಲ್ಲಿ ಎಲ್ಲ ಟ್ಯಾಂಕ್‌ನಿಂದ ಒಟ್ಟಿಗೆ ಎಳೆಯುವ ವ್ಯವಸ್ಥೆ ಇಲ್ಲ, ನಾಬ್ ಯಾವುದರ ಮೇಲಿದೆಯೋ ಅದರಿಂದ ಮಾತ್ರ. ಇಂಗ್ಲಿಷ್ ಚಾನೆಲ್ ಮೇಲೆ ನನಗೂ ಇದೇ ಆಗಿತ್ತು. ಎತ್ತರ ಇರಲಿಲ್ಲ, ನಾಬ್ ಹುಡುಕುವಷ್ಟರಲ್ಲಿ ನೀರು ಬಂತು. ಅವತ್ತಿನಿಂದ ಮೊದಲು ನಾಬ್ ರೆಕ್ಕೆಗೆ, ಇಂಜಿನ್ ಸದ್ದು ಸರಿಯಾಗಿದೆಯಾ ಅಂತ ಐದು ಸೆಕೆಂಡ್ ಕೇಳುವುದು, ಆಮೇಲೆ ಟ್ಯಾಂಕ್ ಬೀಳಿಸುವುದು. ನಾಬ್ ತಿರುಗಿಸಲು ಜಾಯ್‌ಸ್ಟಿಕ್‌ನಲ್ಲೇ ಒಂದು ಬಟನ್ ಕೊಟ್ಟುಕೊಳ್ಳಿ, ಮೌಸ್ ನಂಬಬೇಡಿ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್ ಸರ್. 40%ಗೆ ಇಳಿಸಿ ಈಗಷ್ಟೇ ಎರಡು ಸಲ ಹಾರಿದೆ. ಅದೇ ತಿರುವು, ಅದೇ ವೇಗ. ಮೊದಲು ರೆಕ್ಕೆ ನಡುಗಿ ಎಚ್ಚರಿಕೆ ಕೊಡ್ತು, ಸ್ವಲ್ಪ ಸಡಿಲ ಬಿಟ್ಟೆ, ಸರಿಹೋಯ್ತು. ಸ್ಪಿನ್ ಇಲ್ಲ. ಒಂದು ಅನುಮಾನ: ನಮ್ಮ ಗುಂಪು ಭಾನುವಾರ ನಾಲ್ಕು ಗಂಟೆಯ ಬಾಂಬರ್ ಕಾವಲು ಮಿಷನ್ ಇಟ್ಟಿದೆ. ಅಲ್ಲಿ 40% ಸಾಲಲ್ಲ. ಏನು ಮಾಡಲಿ?

ಉತ್ತರ

ಅಂಥ ಕಡೆ 100% ಮತ್ತು ಡ್ರಾಪ್ ಟ್ಯಾಂಕ್ ಎರಡೂ ಬೇಕು. ಖಾಲಿ ಮಾಡುವ ಕ್ರಮ ಮುಖ್ಯ. ನಾಬ್ ಎಡ ರೆಕ್ಕೆಯ ಟ್ಯಾಂಕ್ ಮೇಲಿಟ್ಟು ಟೇಕಾಫ್ ಮಾಡಿ ಹದಿನೈದು ನಿಮಿಷ ಅದರಲ್ಲೇ ಹೋಗಿ. ಕಾರ್ಬ್ಯುರೇಟರ್‌ನಿಂದ ಆವಿಯ ಜೊತೆ ವಾಪಸ್ ಬರುವ ಫ್ಯೂಯೆಲ್ ಎಡ ಟ್ಯಾಂಕ್‌ಗೇ ಬಂದು ಬೀಳುತ್ತದೆ, ಅಲ್ಲಿ ಜಾಗ ಇಲ್ಲದಿದ್ದರೆ ಹೊರಗೆ ಚೆಲ್ಲಿಹೋಗುತ್ತದೆ. ಆಮೇಲೆ ಹಿಂದಿನ ಟ್ಯಾಂಕ್, ಅದು 25 ಗ್ಯಾಲನ್‌ಗೆ ಇಳಿಯುವವರೆಗೆ. ಇದಕ್ಕೆ ಹೆಚ್ಚುಕಮ್ಮಿ ಒಂದು ಗಂಟೆ ಹಿಡಿಯುತ್ತದೆ. ಅದಾದ ಮೇಲೆ ಡ್ರಾಪ್ ಟ್ಯಾಂಕ್. ಡ್ರಾಪ್ ಟ್ಯಾಂಕ್ ಮೊದಲು ಮುಗಿಸೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ, ಆದರೆ ಶತ್ರು ಬೇಗ ಬಂದರೆ ಮತ್ತೆ ನಿನ್ನೆ ರಾತ್ರಿಯ ಕಥೆಯೇ.

ರೆಕ್ಕೆ ಟ್ಯಾಂಕ್‌ಗಳ ಗೇಜ್ ಸೀಟಿನ ಎರಡೂ ಪಕ್ಕ ನೆಲದ ಮೇಲಿವೆ. ಹಿಂದಿನ ಟ್ಯಾಂಕ್‌ದು ಎಡ ಭುಜದ ಹಿಂದೆ, ಕತ್ತು ಪೂರ್ತಿ ತಿರುಗಿಸಿ ನೋಡಬೇಕು. ಹತ್ತು ನಿಮಿಷಕ್ಕೊಮ್ಮೆ ಹೇಗೂ ಹಿಂದೆ ಶತ್ರು ಇದ್ದಾನಾ ಅಂತ ನೋಡ್ತೀರಲ್ವಾ, ಆಗ ಆ ಮುಳ್ಳನ್ನೂ ನೋಡಿಬಿಡಿ. ಟ್ಯಾಂಕ್ ಇಳಿದ ಹಾಗೆ ಟ್ರಿಮ್ (ಕೈ ಬಿಟ್ಟರೂ ವಿಮಾನ ನೇರ ಹೋಗುವಂತೆ ಮಾಡುವ ಹೊಂದಾಣಿಕೆ) ಕೂಡ ಬದಲಾಗುತ್ತದೆ, ಸ್ವಲ್ಪ ಸ್ವಲ್ಪವೇ ಸರಿಮಾಡುತ್ತಾ ಹೋಗಿ.

ಇನ್ನೊಬ್ಬರು

ಬ್ರಿಟಿಷ್ ಫೈಟರ್ ಸ್ಪಿಟ್‌ಫೈರ್ ಮಾರ್ಕ್ ಒಂಬತ್ತಕ್ಕೂ ಹೀಗೇನಾ?

ಉತ್ತರ

ಇಲ್ಲ. ಅದರ ಎರಡೂ ಟ್ಯಾಂಕ್ ಪೈಲಟ್ ಮುಂದೆ ಇವೆ, ಮೇಲಿನದು 48, ಕೆಳಗಿನದು 37 ಬ್ರಿಟಿಷ್ ಗ್ಯಾಲನ್. ಬೆನ್ನ ಹಿಂದಿನ ಕಾಟ ಇಲ್ಲ. ಅಲ್ಲಿ ಫ್ಯೂಯೆಲ್ಲೇ ಕಮ್ಮಿ, ಹತ್ತಿರದ ಜಗಳಕ್ಕೂ ಪೂರ್ತಿ ತುಂಬಿಸಿಕೊಂಡೇ ಹೋಗಿ.