ಆಲೆಮನೆ ಫೋಟೋಗಳಿಗೆ ಮಂಕಾದ, ಫ್ಲಾಟ್ ಲುಕ್ ತರುವುದು ಹೇಗೆ?

ಕಬ್ಬಿನಗದ್ದೆ:
ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ಕಡೆಯವನು. ನಮ್ಮೂರ ಆಲೆಮನೆಯಲ್ಲಿ ಬೆಲ್ಲ ಮಾಡುವವರ ಫೋಟೋ ಸರಣಿ ಮಾಡುತ್ತಿದ್ದೇನೆ. ಕಪ್ಪು ತೀರಾ ಕಪ್ಪಾಗಿರಬಾರದು, ಬಣ್ಣ ಸ್ವಲ್ಪ ತೊಳೆದ ಹಾಗಿರಬೇಕು, ಹಳೇ ಫಿಲ್ಮ್ ಪ್ರಿಂಟ್ ಥರ. ಫೋಟೋ ಎಡಿಟ್ ಮಾಡುವ ಲೈಟ್‌ರೂಮ್‌ನಲ್ಲಿ ಕಾಂಟ್ರಾಸ್ಟ್ ಮೈನಸ್ 60, ಸ್ಯಾಚುರೇಶನ್ (ಬಣ್ಣದ ಗಾಢತೆ) ಮೈನಸ್ 40 ಇಟ್ಟು ನೋಡಿದೆ. ಮುಖಗಳು ಬೂದಿ ಬಳಿದ ಹಾಗೆ ಬಂದವು. ಹಿಂದಿನ ಕಬ್ಬಿನ ಹಸಿರು ಮಾತ್ರ ಇನ್ನೂ ಕಣ್ಣಿಗೆ ಹೊಡೆಯುತ್ತದೆ. ಪ್ರಿಸೆಟ್ (ರೆಡಿಮೇಡ್ ಸೆಟ್ಟಿಂಗ್) ಕೊಂಡುಕೋ ಎನ್ನುತ್ತಾನೆ ಗೆಳೆಯ. ಬೇಕಾ?

ಮೋಡದ_ಮಧ್ಯಾಹ್ನ:
ಡೀಹೇಜ್ ಸ್ಲೈಡರ್ ಮೈನಸ್ 15 ಮಾಡಿ ನೋಡಿ, ಚಿತ್ರಕ್ಕೆ ಮಸುಕು ಬರುತ್ತದೆ. ಸುಲಭ.

ಅಗ್ರಹಾರ_ಎಡಿಟರ್:
ಪ್ರಿಸೆಟ್ ಬೇಡ. ಆ ದುಡ್ಡಿಗೆ ಒಂದು ಒಳ್ಳೇ ಮೆಮೊರಿ ಕಾರ್ಡ್ ಬರುತ್ತದೆ. ಡೀಹೇಜೂ ಇಲ್ಲಿ ಬೇಡ. ಕೊಪ್ಪರಿಗೆಯಿಂದ ಏಳುವ ಹಬೆ ಆಗಲೇ ಚಿತ್ರವನ್ನು ಮಸುಕು ಮಾಡಿದೆ, ಅದರ ಮೇಲೆ ಇನ್ನೊಂದು ಮಸುಕು ಹಾಕಿದರೆ ಹಬೆಯ ಆಕಾರವೇ ಕಾಣುವುದಿಲ್ಲ.

ನಾನು ಮೈಸೂರಿನಲ್ಲಿ ಮದುವೆ ಆಲ್ಬಮ್ ಎಡಿಟ್ ಮಾಡುವವನು. ದಿನವಿಡೀ ಜರತಾರಿ ಸೀರೆ, ಸೀರಿಯಲ್ ಲೈಟು, ಗುಲಾಬಿ ಬಣ್ಣದ ಸ್ಟೇಜು. ಅದಕ್ಕೇ ಮಂಕು ಬಣ್ಣ ಅಂದರೆ ನನಗೆ ಪ್ರಾಣ.

ಕಾಂಟ್ರಾಸ್ಟ್ ಸ್ಲೈಡರ್ ಸೊನ್ನೆಗೆ ತನ್ನಿ. ಅದನ್ನು ಇಳಿಸಿದರೆ ಕಪ್ಪು, ಬಿಳಿ ಎರಡೂ ನಡುವಿಗೆ ಬರುತ್ತವೆ. ಮುಖ ಇರುವುದೇ ನಡುವಿನ ಟೋನ್‌ಗಳಲ್ಲಿ ಅಲ್ವಾ? ಕೆನ್ನೆಗೂ ಮೂಗಿಗೂ ಇರುವ ವ್ಯತ್ಯಾಸವೇ ಹೋಗಿಬಿಡುತ್ತದೆ. ನಿಮಗೆ ಬೇಕಿರುವುದು ತುದಿಗಳು ಮೆತ್ತಗಾಗುವುದು, ನಡುಭಾಗ ಗಟ್ಟಿ ಉಳಿಯುವುದು. ಆ ಕೆಲಸ ಮಾಡುವುದು ಟೋನ್ ಕರ್ವ್, ಅಂದರೆ ಎಡದ ಕಪ್ಪಿನಿಂದ ಬಲದ ಬಿಳಿಯವರೆಗೆ ಟೋನ್‌ಗಳನ್ನು ಏರಿಳಿಸುವ ಗೆರೆ.

ಕರ್ವ್‌ನ ಎಡ ಕೆಳತುದಿಯನ್ನು ನೇರ ಮೇಲಕ್ಕೆತ್ತಿ. 0ರಿಂದ 255ರ ಲೆಕ್ಕದಲ್ಲಿ 20–25 ಸಾಕು. ಈಗ ಚಿತ್ರದ ಅತಿ ಕಪ್ಪು ಜಾಗವೂ ಇದ್ದಿಲಿನ ಬೂದಿಗೆ ಬಂತು. ಬಲ ಮೇಲ್ತುದಿಯನ್ನು 240ರ ಹತ್ತಿರ ಇಳಿಸಿ. ನಂತರ 60ರ ಸುಮಾರಿಗೆ ಒಂದು ಚುಕ್ಕಿ ಹಾಕಿ, ಅದನ್ನು ಮೊದಲಿದ್ದ ಗೆರೆಗೇ ವಾಪಸ್ ಎಳೆಯಿರಿ. ಇದನ್ನು ಬಿಟ್ಟರೆ ಇಡೀ ಚಿತ್ರಕ್ಕೆ ಹೊಗೆ ಕವಿದ ಹಾಗಾಗುತ್ತದೆ. ಎಷ್ಟೋ ಜನ ಮ್ಯಾಟ್ ಲುಕ್ ಅಂತ ಹಾಕುವುದು ಇದೇ ಹೊಗೆಯನ್ನು.

ಹೀಗೆ ಮಾಡಿದಾಗ ನೆರಳಿನ ಬಣ್ಣ ತಾನಾಗಿಯೇ ತೆಳುವಾಗುತ್ತದೆ. ಕೆಂಪು, ಹಸಿರು, ನೀಲಿ ಮೂರೂ ಒಟ್ಟಿಗೆ ಮೇಲೇರಿದರೆ ಅವುಗಳ ನಡುವಿನ ಅನುಪಾತ ಕಮ್ಮಿಯಾಗುತ್ತದಲ್ಲ, ಅದಕ್ಕೆ. ಹಾಗಾಗಿ ಸ್ಯಾಚುರೇಶನ್ ಮೈನಸ್ 10 ದಾಟುವ ಅಗತ್ಯವೇ ಬರುವುದಿಲ್ಲ.

ಇನ್ನು ಕಬ್ಬು. ಗದ್ದೆಯ ಹಸಿರು ನಮ್ಮ ಕಣ್ಣಿಗೆ ಹಸಿರು, ಸಾಫ್ಟ್‌ವೇರ್‌ಗೆ ಅದರಲ್ಲಿ ಅರ್ಧ ಹಳದಿ. ಬರೀ ಹಸಿರು ಸ್ಲೈಡರ್ ಇಳಿಸಿದರೆ ಬಿಸಿಲು ಬಿದ್ದ ಗರಿಗಳು ಹಾಗೇ ಮಿಂಚುತ್ತಿರುತ್ತವೆ. ಒಂದೊಂದು ಬಣ್ಣವನ್ನೂ ಬೇರೆಯಾಗಿ ತಿದ್ದುವ ಕಲರ್ ಮಿಕ್ಸ್‌ನಲ್ಲಿ ಹಳದಿ, ಹಸಿರು ಎರಡರ ಸ್ಯಾಚುರೇಶನ್ನೂ 35–40 ಇಳಿಸಿ. ಹಸಿರಿನ ಹ್ಯೂ (ಬಣ್ಣದ ಛಾಯೆ) ಸ್ವಲ್ಪ ಹಳದಿ ಕಡೆಗೆ, ಲ್ಯೂಮಿನನ್ಸ್ (ಹೊಳಪು) ಒಂಚೂರು ಕೆಳಗೆ.

ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಇಟ್ಟ ಮೂಲ ಫೈಲ್) ಇದೆಯಾ, ಜೇಪೆಗ್ಗಾ? ಜೇಪೆಗ್‌ನಲ್ಲಿ ಒಂದೊಂದು ಚಾನೆಲ್‌ಗೆ 256 ಮೆಟ್ಟಿಲು ಅಷ್ಟೇ. 14 ಬಿಟ್ ರಾ ಆದರೆ 16,384. ಹಬೆಯಂಥ ನಯವಾದ ಜಾಗದಲ್ಲಿ ಜೇಪೆಗ್ ಎಳೆದಾಡಿದರೆ ಪಟ್ಟೆ ಪಟ್ಟೆ ಬರುತ್ತದೆ.

ಕುಂಕುಮ_ಪ್ರಿಯ:
ನನಗೊಂದು ಅನುಮಾನ. ಬಣ್ಣ ಇರುವ ಊರಿನ ಬಣ್ಣ ಯಾಕೆ ತೆಗೆಯಬೇಕು? ಇನ್‌ಸ್ಟಾದಲ್ಲಿ ಎಲ್ಲರ ಫೋಟೋನೂ ಒಂದೇ ಥರ ಬೂದು ಆಗಿಬಿಟ್ಟಿದೆ.

ಅಗ್ರಹಾರ_ಎಡಿಟರ್:
ಒಪ್ಪುತ್ತೇನೆ. ದೇವರಾಜ ಮಾರುಕಟ್ಟೆಯ ಕುಂಕುಮದ ಗುಡ್ಡೆಗಳನ್ನು ಮಂಕು ಮಾಡುವವರನ್ನು ಕಂಡರೆ ನನಗೂ ಸಿಟ್ಟು. ಆಲೆಮನೆ ಬೇರೆ. ಅಲ್ಲಿ ಇರುವುದೇ ಹೊಗೆ, ಮಣ್ಣು, ಒಣಗಿದ ರಚ್ಚು (ಹಿಂಡಿದ ಕಬ್ಬಿನ ಸಿಪ್ಪೆ), ಬೆಲ್ಲದ ಕಂದು. ಹೊರಗಿನ ಹಸಿರು ಒಳಗಿನ ಈ ಬಣ್ಣಗಳನ್ನು ತುಳಿಯುತ್ತಿದೆ. ಅದನ್ನು ತಗ್ಗಿಸುವುದು ತಪ್ಪಲ್ಲ.

ಕಬ್ಬಿನಗದ್ದೆ:
ಕರ್ವ್ ಮಾಡಿದೆ ಸರ್, ಮುಖಕ್ಕೆ ಜೀವ ಬಂತು! ರಾ ಫೈಲ್ ಇದೆ. ಆದರೆ ಚರ್ಮ ಜಾಸ್ತಿ ಕೆಂಪಗಿದೆ ಅಂತ ಆರೆಂಜ್ ಇಳಿಸಿದರೆ ಬೆಲ್ಲವೂ ಸಿಮೆಂಟ್ ಆಗುತ್ತಿದೆ.

ಅಗ್ರಹಾರ_ಎಡಿಟರ್:
ಆಗಲೇಬೇಕು, ಚರ್ಮ, ಬೆಲ್ಲ ಎರಡೂ ಅದೇ ಆರೆಂಜ್‌ನಲ್ಲಿವೆ. ಕಲರ್ ಮಿಕ್ಸ್‌ನಲ್ಲಿ ಆರೆಂಜ್ ಮುಟ್ಟಬೇಡಿ. ಮುಖಕ್ಕೆ ಮಾತ್ರ ಬ್ರಷ್ ಮಾಸ್ಕ್ ಹಾಕಿ, ಅಲ್ಲಿ ಸ್ಯಾಚುರೇಶನ್ ಮೈನಸ್ 10–15. ಮುಖ ಕೆಂಪಗಿರುವುದು ಒಲೆಯ ಬೆಂಕಿಯಿಂದ ಅನ್ನಿಸುತ್ತದೆ. ಹಾಗಿದ್ದರೆ ಪೂರ್ತಿ ತೆಗೆಯಬೇಡಿ, ಸ್ವಲ್ಪ ಇರಲಿ.

ಇನ್ನೊಂದು ಮಾತು. ಮಧ್ಯಾಹ್ನ ತೆಗೆಯುತ್ತಿದ್ದೀರಿ ಅಲ್ವಾ? ಚಪ್ಪರದ ಒಳಗೆ ಕತ್ತಲೆ, ಹೊರಗೆ ಬೆಂಕಿಯಂಥ ಬಿಸಿಲು. ಅಂಥ ಬೆಳಕನ್ನು ಯಾವ ಕರ್ವೂ ಚಪ್ಪಟೆ ಮಾಡುವುದಿಲ್ಲ. ಬೆಳಿಗ್ಗೆ ಬಿಸಿಲೇರುವ ಮುಂಚೆ ಹೋಗಿ, ಅಥವಾ ಮೋಡ ಇರುವ ದಿನ. ಹಬೆಯ ಬಿಳಿ ಸುಡದ ಹಾಗೆ ಎಕ್ಸ್‌ಪೋಷರ್ ಇಡಿ, ನೆರಳನ್ನು ಆಮೇಲೆ ಎತ್ತಿಕೊಳ್ಳಬಹುದು.

ಮೋಡದ_ಮಧ್ಯಾಹ್ನ:
ಪ್ರಿಂಟ್ ಹಾಕಿಸುವ ಯೋಚನೆ ಇದ್ದರೆ ಹುಷಾರು. ಮ್ಯಾಟ್ ಕಾಗದದ ಕಪ್ಪು ಮೊದಲೇ ಗ್ಲಾಸಿಯಷ್ಟು ಗಾಢ ಇರುವುದಿಲ್ಲ. ಕರ್ವ್‌ನ ಎಡತುದಿಯನ್ನು ಸ್ಕ್ರೀನಿಗೆ 25 ಎತ್ತಿದ್ದರೆ ಮ್ಯಾಟ್ ಪ್ರಿಂಟಿಗೆ 10–12 ಇಟ್ಟು, ಮೊದಲು ಒಂದು ಚಿಕ್ಕ ಸೈಜಿನಲ್ಲಿ ಹಾಕಿಸಿ ನೋಡಿ.