ಸಹಾಯ ಬೇಕು: ಪೋಕರ್‌ನಲ್ಲಿ ಪ್ರತಿ ಸಲ ಆಲ್ ಇನ್ ಹೋಗುವವನಿಗೆ ಯಾವ ಎಲೆಯಲ್ಲಿ ಕಾಲ್ ಮಾಡಬೇಕು?

ಗೆಳೆಯರೇ, ಟೆಕ್ಸಾಸ್ ಹೋಲ್ಡೆಮ್ ಪೋಕರ್ (ಇಸ್ಪೀಟಿನ ಆಟ) ಚೆನ್ನಾಗಿ ಬಲ್ಲವರು ದಯವಿಟ್ಟು ಹೇಳಿ. ನಾವು ಆರು ಜನ ಮನೆಯಲ್ಲೇ ಆಡುತ್ತೇವೆ. ದುಡ್ಡಿಲ್ಲ, ಬರೀ ಚಿಪ್ಸ್. ಮುಗಿದರೆ ಆಟದಿಂದ ಹೊರಗೆ. ನಮ್ಮಲ್ಲೊಬ್ಬ ಫ್ಲಾಪ್ (ಮೇಜಿನ ಮೇಲೆ ತೆರೆದಿಡುವ ಮೊದಲ ಮೂರು ಎಲೆ) ಬರುವ ಮೊದಲೇ, ಹೆಚ್ಚುಕಡಿಮೆ ಪ್ರತಿ ಸಲ, ಆಲ್ ಇನ್ ಅನ್ನುತ್ತಾನೆ, ಅಂದರೆ ಇದ್ದ ಚಿಪ್ಸೆಲ್ಲಾ ಒಮ್ಮೆಗೇ ಹಾಕುತ್ತಾನೆ. ಎಲೆ ಸರಿಯಾಗಿ ನೋಡುವುದೂ ಇಲ್ಲ. ಎಲ್ಲರ ಹತ್ತಿರ ಸುಮಾರು 20 ಬಿಗ್ ಬ್ಲೈಂಡ್‌ನಷ್ಟು ಚಿಪ್ಸ್ ಇರುತ್ತದೆ (ಬ್ಲೈಂಡ್ ಅಂದರೆ ಎಲೆ ನೋಡುವ ಮೊದಲೇ ಸರದಿಯಂತೆ ಇಬ್ಬರು ಹಾಕಲೇಬೇಕಾದ ಪಣ; ಅದರಲ್ಲಿ ದೊಡ್ಡದು ಬಿಗ್ ಬ್ಲೈಂಡ್).

ಲೆಕ್ಕ ಒಂದು ಮಟ್ಟಿಗೆ ಗೊತ್ತು. ಯಾವ ಎರಡು ಎಲೆ ಬಂದರೂ ಆಲ್ ಇನ್ ಅನ್ನುವವನ ಎದುರು ಏಳರ ಜೋಡಿಗೆ ಸುಮಾರು 66%, ಎಕ್ಕ-ಎಂಟಕ್ಕೆ ಸುಮಾರು 60% ಗೆಲ್ಲುವ ಅವಕಾಶ. ನಾನು ಬಿಗ್ ಬ್ಲೈಂಡ್‌ನಲ್ಲಿದ್ದು ಅವನೊಬ್ಬನೇ ಎದುರಿದ್ದರೆ, ಕಾಲ್ ಮಾಡಲು (ಅವನಷ್ಟೇ ಚಿಪ್ಸ್ ಹಾಕಿ ಎದುರಿಸಲು) 47% ಸಾಕು, ಅಲ್ವಾ?

ತೊಡಕಿರುವುದು ನಡುವಿನ ಸೀಟಿನಲ್ಲಿ. ನನ್ನ ನಂತರ ಇನ್ನೂ ಮೂವರಿರುತ್ತಾರೆ. ಅವರಲ್ಲಿ ಯಾರಿಗಾದರೂ ರಾಜನ ಜೋಡಿ ಬಂದಿದ್ದರೆ ನನ್ನ ಎಕ್ಕ-ಎಂಟು ಮುಗಿದ ಹಾಗೇ. ಸೋತರೆ ಆ ಸಂಜೆಯ ಆಟವೇ ಮುಗೀತು. ಇಂಥ ಕಡೆ 60% ನಂಬಿ ಕಾಲ್ ಮಾಡಬಹುದಾ? ಇಲ್ಲ, ದೊಡ್ಡ ಜೋಡಿಯೋ ಎಕ್ಕ-ರಾಣಿಯೋ ಬರುವವರೆಗೆ ಸುಮ್ನೆ ಫೋಲ್ಡ್ ಮಾಡುತ್ತಾ (ಎಲೆ ಬಿಟ್ಟುಕೊಡುತ್ತಾ) ಕೂರಬೇಕಾ? ಅಷ್ಟರಲ್ಲಿ ಬ್ಲೈಂಡ್‌ಗಳೇ ಚಿಪ್ಸ್ ತಿಂದುಬಿಡುತ್ತವೆ.

ಯಾವ ಸೀಟಿನಲ್ಲಿ ಯಾವ ಎಲೆಗೆ ಕಾಲ್ ಮಾಡುತ್ತೀರಿ, ಕಾರಣದ ಸಮೇತ ತಿಳಿಸಿ. ದುಡ್ಡಿನ ಆಟದ ಲಿಂಕ್ ಮಾತ್ರ ಬೇಡ.