ಮೈಮೇಲಿನ ಚುಕ್ಕೆ, ಕಲೆ, ಮಚ್ಚೆ: ಚರ್ಮದ ಡಾಕ್ಟರನ್ನು ಕೇಳಿ

ಬೆಳದಿಂಗಳು: ನಮಸ್ತೆ ಮೇಡಂ. ಮಗಳಿಗೆ 8 ವರ್ಷ. ಕೆನ್ನೆ ಮೇಲೆ ಮಸುಕು ಬಿಳಿ ಕಲೆ ಬಂದಿದೆ. ತೊನ್ನು ಅಂತ ಅತ್ತೆ ಹೆದರಿಸುತ್ತಿದ್ದಾರೆ.

ಡಾಕ್ಟರ್: ಅಂಚು ಮಸುಕಾಗಿದ್ದು ಸಣ್ಣಗೆ ಹೊಟ್ಟು ಏಳುತ್ತಿದ್ದರೆ ಒಣ ಚರ್ಮದ ಕಲೆ ಇರಬೇಕು. ಈ ವಯಸ್ಸಿನ ಮಕ್ಕಳಲ್ಲಿ ತುಂಬಾ ಸಾಮಾನ್ಯ. ತೊನ್ನು ಅಚ್ಚ ಬಿಳಿ, ಅಂಚು ಸ್ಪಷ್ಟ, ಹೊಟ್ಟು ಇರಲ್ಲ. ದಿನಕ್ಕೆ ಎರಡು ಸಲ ಮಾಯಿಶ್ಚರೈಸರ್ ಹಚ್ಚಿ. ಬಣ್ಣ ಮರಳಲು ತಿಂಗಳುಗಳು ಬೇಕು.

ಹಳೇಸೈಕಲ್: ಬೆನ್ನಿಗೆ ಚಿಬ್ಬು. ಔಷಧಿ ಮುಗಿಸಿದೆ, ಬಿಳಿ ಹಾಗೇ ಇದೆ.

ಡಾಕ್ಟರ್: ಕೆರೆದರೆ ಹೊಟ್ಟು ಬರದಿದ್ದರೆ ಫಂಗಸ್ ಸತ್ತಿದೆ. ಬಣ್ಣ ನಿಧಾನವಾಗಿ ಬರುತ್ತೆ.

ಸಂಜೆಮಲ್ಲಿಗೆ: ಅಣ್ಣನಿಗೆ ಮೂರು ದಿನದಿಂದ ಜ್ವರ. ಬೆಳಿಗ್ಗೆ ಎರಡೂ ಕಣಕಾಲ ಸುತ್ತ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆ. ತುರಿಕೆ ಇಲ್ಲ, ನೋವಿಲ್ಲ. ಬೆವರುಸಾಲೆ ಅಂತ ಪೌಡರ್ ಹಾಕಿದ್ದೇವೆ.

ಡಾಕ್ಟರ್: ಉಳಿದವರು ಸ್ವಲ್ಪ ತಡೆಯಿರಿ. ಪೌಡರ್ ಒರೆಸಿ. ಗಾಜಿನ ಲೋಟದ ಬದಿಯನ್ನು ಚುಕ್ಕೆಗಳ ಮೇಲೆ ಒತ್ತಿ ಹಿಡಿದು, ಗಾಜಿನ ಮೂಲಕವೇ ನೋಡಿ. ಒತ್ತಿದಾಗ ಕೆಂಪು ಮಾಯವಾದರೆ ರಕ್ತ ಇನ್ನೂ ನಾಳದೊಳಗಿದೆ. ಮಾಯವಾಗದಿದ್ದರೆ ನಾಳದಿಂದ ಹೊರಗೆ ಸೋರಿದೆ. ಬೆವರುಸಾಲೆ ಹಾಗಿರಲ್ಲ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಇಳಿದಾಗ ಹೆಚ್ಚಾಗಿ ಮೊದಲು ಕಾಲಲ್ಲೇ ಕಾಣುತ್ತೆ, ನಿಂತಾಗ ಅಲ್ಲಿ ರಕ್ತದ ಒತ್ತಡ ಜಾಸ್ತಿ. ಡೆಂಗ್ಯೂ ಇರಬಹುದು. ಮಿದುಳು ಪೊರೆಯ ಸೋಂಕಿನಲ್ಲೂ ಹೀಗೆ ಬರುತ್ತೆ, ಅದು ಗಂಟೆಗಳಲ್ಲೇ ಕೈಮೀರುತ್ತೆ. ಮೈಬಣ್ಣ ಕಪ್ಪಾಗಿದ್ದರೆ ಕೆಳರೆಪ್ಪೆಯ ಒಳಗೆ, ಅಂಗುಳಿನಲ್ಲಿ, ಅಂಗಾಲಿನಲ್ಲಿ ಹುಡುಕಿ. ಒಸಡಲ್ಲಿ ರಕ್ತ ಬರುತ್ತಾ ಕೇಳಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಚುಕ್ಕೆ ಮಾಯವಾದರೂ ಸರಿ, ಆಗದಿದ್ದರೂ ಸರಿ, ಈಗಲೇ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ಶುಭೋದಯ: ಪಪ್ಪಾಯಿ ಎಲೆ ರಸ ಎರಡು ಚಮಚ ಕುಡಿಸಿ, ಪ್ಲೇಟ್‌ಲೆಟ್ ಸರ್ರನೆ ಏರುತ್ತೆ. ನನಗೆ ಬಂದ ಮೆಸೇಜ್, ಎಲ್ಲರಿಗೂ ಕಳಿಸಿ.

ಡಾಕ್ಟರ್: ಕಳಿಸಬೇಡಿ. ಆಸ್ಪತ್ರೆಗೆ ಹೊರಟವರನ್ನು ಮಿಕ್ಸಿ ಮುಂದೆ ನಿಲ್ಲಿಸಬೇಡಿ.

ಶುಭೋದಯ: ಒಳ್ಳೆಯದಕ್ಕೇ ಹೇಳಿದ್ದು. ಎಲೆಯಿಂದ ಏನು ನಷ್ಟ?

ಹಳೇಸೈಕಲ್: ಹೊತ್ತು ನಷ್ಟ ಸ್ವಾಮಿ. ಮೊನ್ನೆ ಚಿಬ್ಬಿಗೆ ಬೆಳ್ಳುಳ್ಳಿ ತಿಕ್ಕಿ ಅಂದವರೂ ನೀವೇ ಅಲ್ವಾ? ಚರ್ಮ ಸುಟ್ಟು ಬೊಬ್ಬೆ ಎದ್ದಿತ್ತು.

ಶುಭೋದಯ: ಜಾಸ್ತಿ ತಿಕ್ಕಿದ್ದು ನಿಮ್ಮ ತಪ್ಪು.

ಕಾಡಿಗೆ: ಅಂಗಾಲಿನ ಮಚ್ಚೆ ಈ ವರ್ಷ ದೊಡ್ಡದಾಗಿದೆ, ಒಂದು ಕಡೆ ಬಣ್ಣ ಬೇರೆ. ತೋರಿಸಬೇಕಾ?

ನೆರಳು: ಅಂಗಾಲಲ್ಲಿ ಮಚ್ಚೆ ಇದ್ದರೆ ಪ್ರಯಾಣ ಯೋಗ!

ಡಾಕ್ಟರ್: ಯೋಗ ಪಕ್ಕಕ್ಕಿಡಿ. ಕಾಡಿಗೆ ಅವರೇ, ಈ ವಾರವೇ ತೋರಿಸಿ. ಬೆಳೆಯುವ, ಬಣ್ಣ ಬದಲಾಗುವ ಮಚ್ಚೆಯನ್ನು ಸುಮ್ನೆ ಬಿಡಬಾರದು.

ಹೊಸಬ: ಮಗನ ಮುಖದಲ್ಲಿ ಬಿಳಿ ಕಲೆ, ತೊನ್ನಾ?

ಡಾಕ್ಟರ್: ಮೇಲೆ ಓದಿ.

ತಂಗಾಳಿ: ಮುಖದ ಕಪ್ಪು ಬಂಗಿಗೆ ನಿಂಬೆರಸ, ಟೂತ್‌ಪೇಸ್ಟ್ ಹಚ್ಚಬಹುದಾ?

ಡಾಕ್ಟರ್: ಎರಡೂ ಬೇಡ. ಉರಿದರೆ ಇನ್ನೂ ಕಪ್ಪಾಗುತ್ತೆ. ಸ್ಟೆರಾಯ್ಡ್ ಬೆರೆಸಿದ ಬಿಳಿ ಮಾಡುವ ಕ್ರೀಮ್ ಅಂತೂ ಬೇಡವೇ ಬೇಡ.

ನೆರಳು: ಅಜ್ಜಿಯರ ಮದ್ದೆಲ್ಲ ಸುಳ್ಳಾ ಹಾಗಾದರೆ?

ಹಳೇಸೈಕಲ್: ನಿಮ್ಮಜ್ಜಿ ಟೂತ್‌ಪೇಸ್ಟ್ ಹಚ್ಚುತ್ತಿದ್ದರಾ?

ನೆರಳು: ಅಜ್ಜಿ ಸುದ್ದಿಗೆ ಬರಬೇಡಿ.

ಸಂಜೆಮಲ್ಲಿಗೆ: ಲೋಟ ಒತ್ತಿದೆವು, ಮಾಯವಾಗಲಿಲ್ಲ. ಆಟೋದಲ್ಲಿದ್ದೇವೆ.

ಡಾಕ್ಟರ್: ಒತ್ತಿದರೂ ಮಾಯವಾಗದ ಚುಕ್ಕೆ, ಮೂರು ದಿನದ ಜ್ವರ ಅಂತ ಒಳಗೆ ಹೋದ ಕೂಡಲೇ ಹೇಳಿ. ಸಾಲಲ್ಲಿ ಕಾಯಬೇಡಿ.

ಬೆಳದಿಂಗಳು: ಮೇಡಂ, ಯಾವ ಮಾಯಿಶ್ಚರೈಸರ್ ಅಂತ ಹೇಳಲೇ ಇಲ್ಲ.

ಶುಭೋದಯ: ಕೊಬ್ಬರಿ ಎಣ್ಣೆ ಸಾಕು.